ರಾಜಸನ್ನದಿನ ಕಾಲೇಜು

ಕಲ್ಕತ್ತೆಗೆ ಉತ್ತರದಲ್ಲಿ, ಹೂಗ್ಲಿ ನದಿಯ ಪಶ್ಚಿಮತೀರದಲ್ಲಿ, ಬಾರಕಪುರದ ದಂಡಿನ ಪಾಳೆಯಕ್ಕೆ ಇದಿರಾಗಿ ನಿಂತಿರುವ ಶ್ರೀರಾಮಪುರದಲ್ಲಿ ಒಂದು ಕಾಲೇಜಿದೆ. ಮಹಾನಗರದ ವಿದ್ಯಾಸಂಸ್ಥೆಗಳ ವೈಭವವಾಗಲಿ ವಿದ್ಯಾರ್ಥಿಸಮೂಹದ ಗದ್ದಲವಾಗಲಿ ತನ್ನ ಆಯುಷ್ಯದ ಬಹುಭಾಗದಲ್ಲಿ ಅದಕ್ಕೆ ಒದಗಲಿಲ್ಲ. ಆದರೂ ಅದರ ನೂರೈವತ್ತನೆಯ ವರ್ಷದ ಸ್ಮರಣೆಗಾಗಿ 1969ರಲ್ಲಿ ಭಾರತದ ಅಂಚೆ ಇಲಾಖೆ ಚೀಟಿಯೊಂದನ್ನು ಹೊರಡಿಸಿತು; 2018ರಲ್ಲಿ ಅದಕ್ಕೆ ಇನ್ನೂರು ವರ್ಷ ತುಂಬಿತು. ಇಂಥ ಉತ್ಸವಗಳಲ್ಲಿ ಸ್ಥಾಪಕರ ಗುಣಗಾನ ನಡೆಯುವುದು ವಾಡಿಕೆ. ಅದು ಯುಕ್ತವೂ ಹೌದು. ಈ ಕಾಲೇಜಿನ ವಿಷಯದಲ್ಲಾದರೋ ಅದು ಹುಟ್ಟಿದ್ದಕ್ಕಿಂತ ಉಳಿದದ್ದೇ ಹೆಚ್ಚಿನ ಸೋಜಿಗ. ಸ್ಥಾಪಕರು ಅದಕ್ಕೆ ಕೊಟ್ಟ ಧನವೆಲ್ಲ ಕರಗಿಹೋಯಿತು, ಅವರು ಹಾಕಿಕೊಟ್ಟ ಪಾಠಕ್ರಮ ಕಾಲದ ಪ್ರವಾಹಕ್ಕೆ ಇದಿರಾಗಿ ನಿಲ್ಲಲಾರದೆ ಹೋಯಿತು, ಒಂದು ಕಾಲಕ್ಕೆ ಕಾಲೇಜೆಂಬ ಹೆಸರೇ ಅದಕ್ಕೆ ಸಲ್ಲದಂತಾಯಿತು. ಕೊನೆಗೆ ಅದನ್ನು ಕಾಪಾಡಿದ್ದು ಎಂಬತ್ತೆಂಟು ವರ್ಷಗಳ ಕಾಲ ಯಾರ ಉಪಯೋಗಕ್ಕೂ ಬಾರದೆ ಬಿದ್ದಿದ್ದ ಒಂದು ಸನ್ನದು.

ಕಥೆಯ ಮೂಲವಿರುವುದು ಇಂಗ್ಲಿಷರ ಭೀತಿಯಲ್ಲಿ. ಹದಿನೆಂಟನೆಯ ಶತಮಾನದ ಅಂತ್ಯದಲ್ಲಿ ಬಂಗಾಳವನ್ನಾಳುತ್ತಿದ್ದ ಈಸ್ಟ್ ಇಂಡಿಯಾ ಕಂಪೆನಿ ತನ್ನ ಸೀಮೆಯಲ್ಲಿ ಪಾದ್ರಿಗಳು ಬೀಡುಬಿಡುವುದನ್ನು ಸಹಿಸುತ್ತಿರಲಿಲ್ಲ. ಪ್ರಜೆಗಳ ಮತಾಚಾರಗಳನ್ನು ಕೆಣಕಿದರೆ ವ್ಯಾಪಾರಕ್ಕೂ ರಾಜ್ಯಕ್ಕೂ ಕುಂದು ತಪ್ಪದೆಂಬುದು ಅದರ ಲೆಕ್ಕಾಚಾರವಾಗಿತ್ತು. ನಾರ್ಥಾಂಪ್ಟನ್ ಸೀಮೆಯಲ್ಲಿ ಪಾದರಕ್ಷೆ ಹೊಲಿದು ಜೀವಿಸುತ್ತ, ಬಿಡುವಿನಲ್ಲಿ ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳನ್ನು ತಾನೇ ಕಲಿತು ಬ್ಯಾಪ್ಟಿಸ್ಟ್ ಪಂಥದ ಉಪದೇಶಕನಾದ ವಿಲಿಯಂ ಕೇರಿ 1793ರ ನವೆಂಬರಿನಲ್ಲಿ ಬಂಗಾಳಕ್ಕೆ ಬಂದಿಳಿದಾಗ ಅನುಮತಿಪತ್ರವಿಲ್ಲದವನಾಗಿದ್ದ. ನೀಲಿಯ ಕಾರ್ಖಾನೆಯೊಂದರಲ್ಲಿ ಉದ್ಯೋಗ ಹಿಡಿದು ಕೆಲವು ಕಾಲ ಕಣ್ಮರೆಯಾಗಿ ಬಾಳಿದ. 1799ರ ಅಕ್ಟೋಬರಿನಲ್ಲಿ ಅವನಿಗೆ ನೆರವಾಗಲೆಂದು ಬಂದ ಜೋಷುವಾ ಮಾರ್ಷ್‌ಮನ್, ವಿಲಿಯಂ ವಾರ್ಡ್ ಮೊದಲಾದವರು ಕಂಪೆನಿಯ ಅಧಿಕಾರಿಗಳ ಕೈಗೆ ಸಿಕ್ಕದಂತೆ ನೇರವಾಗಿ ಶ್ರೀರಾಮಪುರಕ್ಕೆ ಹೋಗಿಬಿಟ್ಟರು. ಏಕೆಂದರೆ ಆ ಊರು ಇಂಗ್ಲಿಷರದಾಗಿರಲಿಲ್ಲ. 1755ರಲ್ಲಿ ಡೇನರು ಅಲ್ಲೊಂದು ವ್ಯಾಪಾರದ ಕೋಠಿಯನ್ನು ಸ್ಥಾಪಿಸಿ, ತಮ್ಮ ದೊರೆಯ ಹೆಸರಿನಿಂದ ಫ್ರೆಡರಿಕ್ಸ್‌ನಗರವೆಂದು ಕರೆದು, ತಮ್ಮ ಧ್ವಜವನ್ನು ಹಾರಿಸುತ್ತಿದ್ದರು. ಅಲ್ಲಿಯ ಗವರ್ನರನಾಗಿದ್ದ ಓಲೆ ಬೀ ಎಂಬ ವೃದ್ಧನು ಬಂದವರಿಗೆ ಆಶ್ರಯವಿತ್ತು, ಅವರನ್ನು ಬಿಟ್ಟುಕೊಡುವುದಿಲ್ಲವೆಂದು ದೃಢವಾಗಿ ನಿಂತ. 1800ರ ಜನವರಿಯಲ್ಲಿ ಕೇರಿಯೂ ಬಂದು ಸೇರಿಕೊಂಡ. ಅಂಗೈಯಗಲದ ಒಂದು ಪರಕೀಯ ಠಾಣೆಯ ಔದಾರ್ಯವೇ ಈ ವಿದ್ಯಾಶಾಲೆಯ ಮೊದಲ ಬುನಾದಿ.

ಮೂವರೂ ಬಡವರ ಮಕ್ಕಳು. ವಾರ್ಡ್ ಮುದ್ರಣದ ಕೆಲಸ ಬಲ್ಲವನು. ಮಾರ್ಷ್‌ಮನ್ ನೇಕಾರನ ಮಗ, ಶಾಲೆಯ ಮಾಸ್ತರನಾಗಿದ್ದವನು. ಒಂದೇ ಮನೆ, ಒಂದೇ ಪಂಕ್ತಿ, ಒಂದೇ ಕೈಚೀಲವೆಂಬ ಕಟ್ಟಳೆಯಲ್ಲಿ ಅವರು ಬಾಳಿದರು. ಮಾರ್ಷ್‌ಮನ್ನನೂ ಅವನ ಹೆಂಡತಿ ಹಾನ್ನಾಳೂ ಯೂರೋಪಿಯನ್ನರ ಮಕ್ಕಳಿಗಾಗಿ ನಡೆಸಿದ ವಸತಿಶಾಲೆಗಳಿಂದ ಬಂದ ವರಮಾನ, ವಾರ್ಡನ ಮುದ್ರಣಾಲಯದ ಗಳಿಕೆ, 1801ರಲ್ಲಿ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಬಂಗಾಳಿಯ ಅಧ್ಯಾಪಕನಾಗಿ ನೇಮಕಗೊಂಡ ಕೇರಿಯ ಸಂಬಳ—ಮೊದಲು ತಿಂಗಳಿಗೆ 500, ಮುಂದೆ 1000 ರೂಪಾಯಿ—ಇವೆಲ್ಲವೂ ಆ ಒಂದೇ ಚೀಲಕ್ಕೆ ಬೀಳುತ್ತಿದ್ದವು. ಔತಣಕೂಟವೊಂದರಲ್ಲಿ ದೊಡ್ಡ ಅಧಿಕಾರಿಯೊಬ್ಬನು ಕೇರಿಯ ಪೂರ್ವಾಶ್ರಮವನ್ನು ಹಂಗಿಸಿ, ಈತ ಹಿಂದೆ ಜೋಡು ಮಾಡುತ್ತಿದ್ದನಂತಲ್ಲವೇ ಎಂದು ಪಿಸುಗುಟ್ಟಲು, ಕೇರಿಯೇ ತಿರುಗಿ, ಮಾಡುತ್ತಿರಲಿಲ್ಲ, ಹರಕು ಜೋಡನ್ನು ಹೊಲಿಯುತ್ತಿದ್ದೆ ಅಷ್ಟೆ ಎಂದನೆಂಬ ಐತಿಹ್ಯವಿದೆ.

ಮುದ್ರಣಾಲಯದ ಕಾರ್ಯ ಕ್ರಮೇಣ ಅದ್ಭುತವಾಗಿ ಬೆಳೆಯಿತು. ಪಂಚಾನನ ಕರ್ಮಕಾರನೆಂಬ ನಿಪುಣ ಶಿಲ್ಪಿಯೂ ಅವನ ತರುವಾಯ ಅವನ ಅಳಿಯ ಮನೋಹರನೂ ದೇಶಭಾಷೆಗಳ ಅಚ್ಚಿನ ಮೊಳೆಗಳನ್ನು ಕೊರೆದರು. ರಾಮರಾಮ ಬಸು, ಮೃತ್ಯುಂಜಯ ವಿದ್ಯಾಲಂಕಾರ ಮುಂತಾದ ಪಂಡಿತರು ಬಂಗಾಳಿ ಗದ್ಯವನ್ನು ಬರೆದರು. ಈ ಪಂಡಿತರ ಮತ್ತು ಕಮ್ಮಾರರ ಹೆಸರುಗಳು ಉತ್ಸವದ ಭಾಷಣಗಳಲ್ಲಿ ಅಪರೂಪವಾಗಿ ಕೇಳಿಬರುತ್ತವೆ. ಆದರೆ ಅವರಿಲ್ಲದಿದ್ದರೆ ಆ ಮೂವರು ಆಂಗ್ಲರ ಉತ್ಸಾಹವೆಲ್ಲ ಬರಿಯ ಸಂಕಲ್ಪವಾಗಿ ಉಳಿಯುತ್ತಿತ್ತೆಂಬುದರಲ್ಲಿ ಸಂಶಯವಿಲ್ಲ. 1812ರ ಮಾರ್ಚ್ 11ರ ಸಂಜೆ ಮುದ್ರಣಾಲಯಕ್ಕೆ ಬೆಂಕಿ ಬಿದ್ದು, ಕಾಗದ, ಮೊಳೆ, ಹಸ್ತಪ್ರತಿಗಳೆಲ್ಲ ಭಸ್ಮವಾದವು. ಕೇರಿ ವರ್ಷಗಟ್ಟಲೆ ಸಂಗ್ರಹಿಸಿದ್ದ ಬಹುಭಾಷಾ ಶಬ್ದಕೋಶ, ತೆಲುಗು ವ್ಯಾಕರಣ, ಕನ್ನಡದ ಹೊಸ ಒಡಂಬಡಿಕೆಯ ಪ್ರತಿ ಎಲ್ಲವೂ ಆ ಬೆಂಕಿಗೆ ಆಹುತಿ. ಅಳಿದುಳಿದ ಮೊಳೆಯ ಅಚ್ಚುಗಳು ಬೂದಿಯಲ್ಲಿ ಸಿಕ್ಕವು. ಕರಗಿದ ಲೋಹವನ್ನೇ ಮತ್ತೆ ಎರಕಹೊಯ್ದು ಕೆಲಸವನ್ನು ಮುಂದುವರಿಸಿದರು. ಹಾಗೆ ಪುನರುಜ್ಜೀವಿತವಾದ ಆ ಮುದ್ರಣಾಲಯದಿಂದಲೇ, ಕಾಲೇಜು ಸ್ಥಾಪಿತವಾಗುವ ಹಿಂದಿನ ವರ್ಷ, 1817ರಲ್ಲಿ, ಕೇರಿ ಇಂಗ್ಲಿಷಿನಲ್ಲಿ ರಚಿಸಿದ ‘ಕರ್ಣಾಟ’ ಭಾಷೆಯ ವ್ಯಾಕರಣ ಹೊರಬಂದಿತು. ಕನ್ನಡ ಅಕ್ಷರಗಳು ಅಚ್ಚಿನ ಮೊಳೆಯಲ್ಲಿ ಮೂಡಿದ ಪುಸ್ತಕಗಳಲ್ಲಿ ಇದೇ ಮೊದಲನೆಯದೆಂದು ನಮ್ಮ ಮುದ್ರಣಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಹೇಳುತ್ತಾರೆ. ಕನ್ನಡ ಮುದ್ರಣದ ತೊಟ್ಟಿಲು ಬಂಗಾಳದ ನದೀತೀರದಲ್ಲಿ, ಡೆನ್ಮಾರ್ಕಿನ ಧ್ವಜದ ನೆರಳಲ್ಲಿ ತೂಗಿದ್ದು ಚರಿತ್ರೆಯ ವಿನೋದಗಳಲ್ಲೊಂದು.

ಪುಸ್ತಕ ಸಿದ್ಧವಾದ ಮೇಲೆ ಓದುವವರು ಬೇಕು. ಓದುವವರು ಬೇಕಾದರೆ ಕಲಿಸುವವರು ಬೇಕು. ಶ್ರೀರಾಮಪುರದ ಸುತ್ತಣ ಹಳ್ಳಿಗಳಲ್ಲಿ ಇವರು ಬಂಗಾಳಿಯಲ್ಲೇ ಪಾಠ ಹೇಳುವ ಶಾಲೆಗಳನ್ನು ತೆರೆದಿದ್ದರು. 1818ರ ವೇಳೆಗೆ ಅವು ನೂರನ್ನು ಮೀರಿದ್ದವು. ಅದೇ ವರ್ಷದ ಏಪ್ರಿಲಿನಲ್ಲಿ ‘ದಿಗ್ದರ್ಶನ’ವೆಂಬ ಮಾಸಪತ್ರಿಕೆ, ಮೇ ತಿಂಗಳ 23ರಂದು ‘ಸಮಾಚಾರ ದರ್ಪಣ’ವೆಂಬ ಬಂಗಾಳಿ ವಾರಪತ್ರಿಕೆ ಹೊರಟವು. ಗಂಗಾಕಿಶೋರ ಭಟ್ಟಾಚಾರ್ಯನ ಪತ್ರಿಕೆ ಮೊದಲೋ ಇದು ಮೊದಲೋ ಎಂಬ ವಾದವನ್ನು ಬಂಗಾಳದ ವಿದ್ವಾಂಸರು ಇನ್ನೂ ಬಿಟ್ಟಿಲ್ಲ. ಕೆಲವು ದಿನಗಳ ಅಂತರದ ಆ ವ್ಯಾಜ್ಯವನ್ನು ಅವರಿಗೇ ಬಿಡುವುದು ಲೇಸು. ಜುಲೈ 15ರಂದು ಕಾಲೇಜಿನ ಯೋಜನಾಪತ್ರ ಪ್ರಕಟವಾಯಿತು. ಏಷ್ಯಾದ ಕ್ರೈಸ್ತರೂ ಇತರರೂ ಆದ ಯುವಕರಿಗೆ ಪೌರ್ವಾತ್ಯ ಸಾಹಿತ್ಯವನ್ನೂ ಯೂರೋಪಿನ ವಿಜ್ಞಾನವನ್ನೂ ಬೋಧಿಸುವುದು ಅದರ ಉದ್ದೇಶವೆಂದು ಘೋಷಿಸಲಾಗಿತ್ತು. ಗವರ್ನರ್ ಜನರಲ್ ಹೇಸ್ಟಿಂಗ್ಸ್ ಪ್ರಭು ಪೋಷಕನಾಗಲು ಒಪ್ಪಿದ. ಡೇನರ ಗವರ್ನರ್ ಯಾಕೋಬ್ ಕ್ರೆಫ್ಟಿಂಗ್ ಕಾಲೇಜಿನ ಆಡಳಿತಕ್ಕೆ ಹೆಸರು ಕೊಟ್ಟ. ಮೊದಲು ಸೇರಿದ ವಿದ್ಯಾರ್ಥಿಗಳು ಮೂವತ್ತೇಳು ಮಂದಿ: ಹತ್ತೊಂಬತ್ತು ಕ್ರೈಸ್ತರು, ಹದಿನಾಲ್ವರು ಹಿಂದುಗಳು, ಜಾತಿಪಂಥಗಳ ಹೆಸರು ಹೇಳಿಕೊಳ್ಳದ ನಾಲ್ವರು.

ಇದೇ ಹಿಂದುಸ್ಥಾನದ ಮೊದಲ ಆಧುನಿಕ ಕಾಲೇಜೆಂದು ಅಭಿಮಾನಿಗಳು ಕೆಲವೊಮ್ಮೆ ಸಾರುತ್ತಾರೆ. ಅದು ಸಲ್ಲದು. ಕಲ್ಕತ್ತೆಯ ಹಿಂದೂ ಕಾಲೇಜು 1817ರ ಜನವರಿ 20ರಂದೇ ಬಾಗಿಲು ತೆರೆದಿತ್ತು. ಎರಡಕ್ಕೂ ಇರುವ ಭೇದ ಕಾಲದ್ದಕ್ಕಿಂತ ಹೆಚ್ಚಾಗಿ ಅಭಿರುಚಿಯದು: ನಗರದ ಶ್ರೀಮಂತ ಹಿಂದೂ ಗೃಹಸ್ಥರು ತಮ್ಮ ಮಕ್ಕಳಿಗೆ ಇಂಗ್ಲಿಷ್ ಬೇಕೆಂದು ಹಣಹಾಕಿ ಕಾಲೇಜು ಕಟ್ಟುತ್ತಿದ್ದಾಗ, ಇಂಗ್ಲೆಂಡಿನಿಂದ ಬಂದ ಪಾದ್ರಿಗಳು ಸಂಸ್ಕೃತವೂ ಬಂಗಾಳಿಯೂ ಬೇಕೆಂದು ಹಠ ಹಿಡಿದಿದ್ದರು. ಹೆಚ್ಚಿನ ವಿದ್ಯೆಯೆಲ್ಲ ಜನರ ಭಾಷೆಯಲ್ಲಿ ಇಳಿದಲ್ಲದೆ ಜನರಲ್ಲಿ ಬೇರೂರದೆಂಬುದು ಅವರ ನಂಬುಗೆ. ಇದರ ಹಿಂದಿದ್ದ ಆಶಯವೇನೆಂಬುದರಲ್ಲಿ ಚರಿತ್ರಕಾರರು ಇಬ್ಭಾಗವಾಗಿದ್ದಾರೆ: ಸಂಸ್ಕೃತವನ್ನು ಬಲ್ಲ ಮತಪ್ರಚಾರಕರನ್ನು ತಯಾರಿಸಿ ಪಂಡಿತರನ್ನು ಅವರ ಅಂಗಳದಲ್ಲೇ ಸೋಲಿಸಬೇಕೆಂಬ ಯುಕ್ತಿ ಇದೆಂದು ಕೆಲವರು, ಜ್ಞಾನಪ್ರಸಾರವೇ ಅಲ್ಲಿ ಮುಖ್ಯ, ಮತಪ್ರಚಾರ ಆನುಷಂಗಿಕವೆಂದು ಇನ್ನು ಕೆಲವರು. ಸ್ಥಾಪಕರಿಗೆ ಈ ಎರಡೂ ಬೇರೆಬೇರೆಯೆಂದೇ ತೋರಿರಲಿಲ್ಲವೆಂದು ನನಗನ್ನಿಸುತ್ತದೆ. ಮತಾಂತರದ ಹಂಬಲವನ್ನು ಅವರು ಎಂದೂ ಮುಚ್ಚಿಡಲಿಲ್ಲ. ಖಗೋಳವನ್ನೂ ರಸಾಯನವನ್ನೂ ಬಂಗಾಳಿಯಲ್ಲಿ ಹೇಳಬೇಕೆಂಬ ಹಂಬಲವೂ ಅಷ್ಟೇ ಪ್ರಾಮಾಣಿಕವಾಗಿತ್ತು.

ಕಾಲೇಜು ಹುಟ್ಟಿದ ಮುಹೂರ್ತ ಮಾತ್ರ ಒಳ್ಳೆಯದಾಗಿರಲಿಲ್ಲ. ಇಂಗ್ಲೆಂಡಿನ ಬ್ಯಾಪ್ಟಿಸ್ಟ್ ಸೊಸೈಟಿಯಲ್ಲಿ ಇವರ ಪರಮಮಿತ್ರನಾಗಿದ್ದ ಆಂಡ್ರೂ ಫುಲ್ಲರ್ 1815ರಲ್ಲಿ ತೀರಿಕೊಂಡಿದ್ದ. ಹೊಸದಾಗಿ ಅಧಿಕಾರಕ್ಕೆ ಬಂದವರಿಗೆ ಸಾವಿರಾರು ಮೈಲಿ ದೂರದ ಈ ಮೂವರ ಸ್ವಾತಂತ್ರ್ಯ ಸಹ್ಯವಾಗಲಿಲ್ಲ. ಶ್ರೀರಾಮಪುರದ ಆಸ್ತಿ ಯಾರದು, ಅದರ ಮೇಲೆ ಯಾರ ಹಿಡಿತ ಎಂದು ಅವರು ಕೇಳತೊಡಗಿದರು. ಕಿರಿಯ ಪಾದ್ರಿಗಳು ಬೇರೆಯಾಗಿ ಕಲ್ಕತ್ತೆಯಲ್ಲಿ ಮನೆಮಾಡಿದರು. ಇಂಥ ಕಲಹದ ನಡುವೆ ಕೇರಿ ಮತ್ತು ಅವನ ಸಂಗಡಿಗರು, ತಮ್ಮ ಸ್ವಂತ ಗಳಿಕೆಯ ಹಣವನ್ನು ಸುರಿದು, ನದಿಯ ದಂಡೆಯ ಮೇಲೆ ಅಯೋನಿಕ್ ಶೈಲಿಯ ಸ್ತಂಭಗಳುಳ್ಳ ಭವ್ಯಮಂದಿರವೊಂದನ್ನು ಕಟ್ಟಲಾರಂಭಿಸಿದರು. ನಕಾಶೆ ಹಾಕಿಕೊಟ್ಟವನು ವಿಕೆಡಿ ಎಂಬ ಡೇನ್ ಸೇನಾಧಿಕಾರಿ. ಡೆನ್ಮಾರ್ಕಿನ ದೊರೆ ಆರನೆಯ ಫ್ರೆಡರಿಕ್ ಕಬ್ಬಿಣದ ಹೆಬ್ಬಾಗಿಲನ್ನೂ ಎರಕದ ಸೋಪಾನಗಳನ್ನೂ ಕಾಣಿಕೆಯಾಗಿ ಕಳುಹಿಸಿದ. ಆ ದೊರೆಯ ಸ್ಥಿತಿಯನ್ನು ನೆನೆದರೆ ಈ ದಾನದ ಬೆಲೆ ಹೆಚ್ಚುತ್ತದೆ. ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಅವನ ರಾಜ್ಯ ಬಡವಾಗಿತ್ತು, ಶ್ರೀರಾಮಪುರವನ್ನೇ ಇಂಗ್ಲಿಷರು 1808ರಿಂದ 1815ರವರೆಗೆ ಹಿಡಿದಿಟ್ಟುಕೊಂಡಿದ್ದರು, ಅಲ್ಲಿಯ ವ್ಯಾಪಾರ ಹಾಳಾಗಿತ್ತು.

ಹಣಕ್ಕಾಗಿ ವಾರ್ಡ್ ಇಂಗ್ಲೆಂಡಿಗೂ ಅಮೆರಿಕಕ್ಕೂ ಯಾತ್ರೆ ಹೋದ. ಅಮೆರಿಕದ ಭಕ್ತರು ಸುಮಾರು ಹತ್ತು ಸಾವಿರ ಡಾಲರುಗಳನ್ನು ಕೊಟ್ಟರೇನೋ ನಿಜ. ಆದರೆ ತಮ್ಮ ಹಣ ದೈವಶಾಸ್ತ್ರದ ಬೋಧನೆಗೆ ಮಾತ್ರ ವಿನಿಯೋಗವಾಗಬೇಕು, ವಿಜ್ಞಾನಕ್ಕೆ ಕಾಸೂ ಸಲ್ಲಕೂಡದೆಂದು ಷರತ್ತು ಹಾಕಿದರು. ಇದನ್ನು ಕೇಳಿ ಕೇರಿ ಕೆರಳಿದ. ಮನುಷ್ಯನನ್ನು ವಿದ್ಯಾವಂತನನ್ನಾಗಿ ಮಾಡದೆ ಬೋಧಕನನ್ನಾಗಿ ಮಾಡುವುದೆಂತು ಎಂಬುದು ಅವನ ವಾದದ ತಿರುಳು. ಹಿಂದಿರುಗುವಾಗ ವಾರ್ಡ್ ತನ್ನೊಂದಿಗೆ ಎಡಿನ್‌ಬರೋದಲ್ಲಿ ಓದಿದ ಜಾನ್ ಮ್ಯಾಕ್ ಎಂಬ ತರುಣ ಸ್ಕಾಟನನ್ನು ಕರೆತಂದ. ಈ ಮ್ಯಾಕ್ ಕಾಲೇಜಿನಲ್ಲಿ ರಸಾಯನವಿಜ್ಞಾನವನ್ನು ಬೋಧಿಸಿ, 1834ರಲ್ಲಿ ಇಂಗ್ಲಿಷ್ ಮತ್ತು ಬಂಗಾಳಿಗಳೆರಡರಲ್ಲಿಯೂ ಪಕ್ಕಪಕ್ಕದಲ್ಲಿ ಅಚ್ಚಾದ ರಸಾಯನ ಗ್ರಂಥವೊಂದನ್ನು ಪ್ರಕಟಿಸಿದ. ಭಾರತೀಯ ಭಾಷೆಯೊಂದರಲ್ಲಿ ಆಧುನಿಕ ರಸಾಯನಶಾಸ್ತ್ರವನ್ನು ವಿವರಿಸಿದ ತೀರ ಮೊದಲಿನ ಪ್ರಯತ್ನಗಳಲ್ಲಿ ಇದೊಂದು. ಕನ್ನಡದಲ್ಲಿ ವಿಜ್ಞಾನವನ್ನು ಬರೆಯಬಹುದೇ ಎಂದು ನಾವು ಮುಂದೆ ಎಷ್ಟೋ ದಶಕಗಳ ಕಾಲ ಚರ್ಚಿಸುತ್ತ ಕುಳಿತದ್ದನ್ನು ನೆನೆದಾಗ ಆ ಪುಸ್ತಕದ ತೇದಿ ಕೊಂಚ ನಾಚಿಕೆಯನ್ನೇ ಉಂಟುಮಾಡುತ್ತದೆ.

1823 ದುರ್ದೆಸೆಯ ವರ್ಷ. ಮಾರ್ಚ್ 7ರಂದು ವಾರ್ಡ್ ವಾಂತಿಭೇದಿಯಿಂದ ಹಠಾತ್ತನೆ ಮೃತನಾದ. ಅಕ್ಟೋಬರಿನಲ್ಲಿ ದಾಮೋದರ ನದಿ ಉಕ್ಕಿ ಹರಿದು ಕೇರಿಯ ಮನೆಯನ್ನೂ ಅವನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುತ್ತಿದ್ದ ಸಸ್ಯೋದ್ಯಾನವನ್ನೂ ಹಾಳುಗೆಡವಿತು. ಮುಂದಿನ ಹೊರೆಯೆಲ್ಲ ಮಾರ್ಷ್‌ಮನ್ನನ ಹೆಗಲಿಗೆ ಬಿತ್ತು. 1826ರಲ್ಲಿ ಸ್ವದೇಶಕ್ಕೆ ಹೋಗಿ ಸೊಸೈಟಿಯೊಡನೆ ಸಂಧಾನಕ್ಕೆ ಯತ್ನಿಸಿದ ಅವನಿಗೆ ಅಲ್ಲಿ ದೊರೆತದ್ದು ಸಂಶಯ, ಅವಮಾನ. 1827ರಲ್ಲಿ ಶ್ರೀರಾಮಪುರಕ್ಕೂ ಸೊಸೈಟಿಗೂ ಸಂಬಂಧವೇ ಹರಿಯಿತು. ಆದರೆ ಅದೇ ಯಾತ್ರೆಯಲ್ಲಿ ಅವನು ಕೋಪನ್‌ಹೇಗನ್ನಿಗೂ ಹೋಗಿ ದೊರೆಯನ್ನು ಕಂಡಿದ್ದ. ಆರನೆಯ ಫ್ರೆಡರಿಕ್ 1827ರ ಫೆಬ್ರವರಿ 23ರಂದು ಕಾಲೇಜಿಗೆ ರಾಜಸನ್ನದನ್ನು ದಯಪಾಲಿಸಿ, ಕೋಪನ್‌ಹೇಗನ್ ಮತ್ತು ಕೀಲ್ ವಿಶ್ವವಿದ್ಯಾಲಯಗಳಿಗೆ ಸರಿಸಮನಾಗಿ ಪದವಿಗಳನ್ನು ನೀಡುವ ಅಧಿಕಾರವನ್ನು ಅದಕ್ಕೆ ಕೊಟ್ಟ. ಕಲ್ಕತ್ತ, ಮುಂಬಯಿ, ಮದರಾಸುಗಳ ವಿಶ್ವವಿದ್ಯಾಲಯಗಳು ಹುಟ್ಟಲು ಇನ್ನೂ ಮೂವತ್ತು ವರ್ಷಗಳಿದ್ದವು. ತನ್ನ ಮಿತ್ರರಿಂದಲೇ ತಿರಸ್ಕೃತನಾದ ವೃದ್ಧನೊಬ್ಬನು ಪರರಾಜನಿಂದ ಪಡೆದುಬಂದ ಈ ಪತ್ರವೇ ಕಾಲೇಜಿನ ಇತಿಹಾಸದಲ್ಲಿ ಸ್ಥಾಪನೆಯ ದಿನಕ್ಕಿಂತ ಮಹತ್ತ್ವದ ಘಟನೆ.

ಪತ್ರವಿತ್ತು, ಪದವೀಧರರಿರಲಿಲ್ಲ. ಸ್ಥಾಪಕರು ಬದುಕಿದ್ದ ಕಾಲದಲ್ಲಿ ಆ ಅಧಿಕಾರದಿಂದ ಒಂದೇ ಒಂದು ಪದವಿಯೂ ಪ್ರದಾನವಾಗಲಿಲ್ಲ. 1830ರಲ್ಲಿ ಪಾಮರ್ ಕಂಪೆನಿ ದಿವಾಳಿಯಾಯಿತು, ಅದರ ಬೆನ್ನಲ್ಲೇ ಕಲ್ಕತ್ತೆಯ ಇತರ ದೊಡ್ಡ ವ್ಯಾಪಾರಗೃಹಗಳೂ ಒಂದೊಂದಾಗಿ ಉರುಳಿದವು. ಮಿಷನ್ನಿನ ಇಡುಗಂಟುಗಳು ಅವುಗಳೊಂದಿಗೆ ಮುಳುಗಿದವು. ಫೋರ್ಟ್ ವಿಲಿಯಂ ಕಾಲೇಜಿನ ಅಧ್ಯಾಪಕವರ್ಗವನ್ನು ಸರ್ಕಾರ ಕಡಿಮೆಮಾಡಿದ್ದರಿಂದ ಕೇರಿಯ ವರಮಾನವೂ ಕುಗ್ಗಿತು. ಹಣದ ನಷ್ಟಕ್ಕಿಂತ ದೊಡ್ಡದು ಅಭಿಪ್ರಾಯದ ಸೋಲು. 1823ರಲ್ಲೇ ರಾಜಾ ರಾಮಮೋಹನ ರಾಯರು, ಸರ್ಕಾರ ಸಂಸ್ಕೃತ ಕಾಲೇಜಿಗೆ ಹಣ ಹಾಕುವುದು ತರವಲ್ಲ, ನಮ್ಮವರಿಗೆ ಬೇಕಾದದ್ದು ಗಣಿತ, ರಸಾಯನ ಮೊದಲಾದ ಉಪಯುಕ್ತ ವಿದ್ಯೆಗಳೆಂದು ಗವರ್ನರ್ ಜನರಲ್ ಆಮ್ಹರ್ಸ್ಟ್ ಪ್ರಭುವಿಗೆ ಬರೆದಿದ್ದರು. 1830ರಲ್ಲಿ ಅಲೆಕ್ಸಾಂಡರ್ ಡಫ್ ಕಲ್ಕತ್ತೆಯಲ್ಲಿ ಇಂಗ್ಲಿಷ್ ಶಾಲೆ ತೆರೆದಾಗ ಹುಡುಗರು ನೂಕುನುಗ್ಗಲಾಗಿ ಬಂದರು. 1835ರಲ್ಲಿ ಮೆಕಾಲೆಯ ಟಿಪ್ಪಣಿಯೂ ಬೆಂಟಿಂಕನ ನಿರ್ಣಯವೂ ಹೊರಟು ಇಂಗ್ಲಿಷೇ ಸರ್ಕಾರದ ವಿದ್ಯಾಭಾಷೆಯಾಯಿತು. ಉದ್ಯೋಗ ಯಾವ ಭಾಷೆಯಲ್ಲಿದೆಯೋ ವಿದ್ಯಾರ್ಥಿಗಳು ಆ ಕಡೆಗೇ ನಡೆದರೆ ಅವರನ್ನು ಹಳಿಯುವಂತಿಲ್ಲ. ಆದರೆ ಶ್ರೀರಾಮಪುರದವರು ತೋರಿದ ಹಾದಿ ಸರ್ಕಾರದ ಬಲವಿದ್ದು ನಡೆದಿದ್ದರೆ ನಮ್ಮ ಭಾಷೆಗಳಲ್ಲಿ ಶಾಸ್ತ್ರಸಾಹಿತ್ಯದ ಇಂದಿನ ಬಡತನ ಇಷ್ಟಿರುತ್ತಿರಲಿಲ್ಲವೆಂದು ಹೇಳಲು ಹಿಂಜರಿಯಬೇಕಾಗಿಲ್ಲ.

ಈ ಸೋಲನ್ನು ಪೂರ್ತಿಯಾಗಿ ಕಾಣುವ ಮುನ್ನ, 1834ರ ಜೂನ್ 9ರಂದು ಕೇರಿ ತೀರಿಕೊಂಡ. ಅವನು ಕಣ್ಮುಚ್ಚುವ ಹಿಂದಿನ ವರ್ಷ, 1833ರಲ್ಲಿ, ಕಾಲೇಜಿನ ನಿಬಂಧನೆಗಳು ಸಿದ್ಧವಾಗಿದ್ದವು. ಜಾತಿಯಾಗಲಿ ವರ್ಣವಾಗಲಿ ದೇಶವಾಗಲಿ ಇಲ್ಲಿ ಪ್ರವೇಶಕ್ಕೆ ಅಡ್ಡಿಯಾಗತಕ್ಕದ್ದಲ್ಲವೆಂಬ ನಿಬಂಧನೆ ಅವುಗಳಲ್ಲಿತ್ತು. ಆ ಕಾಲಕ್ಕೆ ಬಂಗಾಳದ ದೊಡ್ಡ ಕಾಲೇಜುಗಳು, ಸಂಸ್ಕೃತದ್ದಿರಲಿ ಹಿಂದೂ ಸಮಾಜದ್ದಿರಲಿ, ಹೀಗೆ ಹೇಳುವ ಸ್ಥಿತಿಯಲ್ಲಿರಲಿಲ್ಲ. 1837ರ ಡಿಸೆಂಬರಿನಲ್ಲಿ ಮಾರ್ಷ್‌ಮನ್ನನೂ ಹೋದ. ಸೊಸೈಟಿಯೊಡನೆ ರಾಜಿಯಾದದ್ದು ಅದೇ ತಿಂಗಳು. ಆ ಸುದ್ದಿ ಇಂಗ್ಲೆಂಡಿನಿಂದ ಬಂದು ಮುಟ್ಟುವ ಮೊದಲೇ ಅವನ ಅಂತ್ಯಕ್ರಿಯೆ ಮುಗಿದಿತ್ತು.

1845ರಲ್ಲಿ ಮತ್ತೊಂದು ತಿರುವು ಬಂದಿತು. ತಮ್ಮ ಹಿಂದುಸ್ಥಾನದ ಠಾಣೆಗಳಿಂದ ನಷ್ಟವೇ ಹೊರತು ಲಾಭವಿಲ್ಲವೆಂದು ಕಂಡ ಡೇನರು, ಫೆಬ್ರವರಿ 22ರ ಒಪ್ಪಂದದಿಂದ, ತರಂಗಂಬಾಡಿಯನ್ನೂ ಶ್ರೀರಾಮಪುರವನ್ನೂ ಹನ್ನೆರಡೂವರೆ ಲಕ್ಷ ರೂಪಾಯಿಗಳಿಗೆ ಇಂಗ್ಲಿಷರಿಗೆ ಮಾರಿದರು. ಕಾಲೇಜು ಆಗ ಸುಮ್ಮನೆ ಮಾಲಿನೊಡನೆ ಕೈಬದಲಾಯಿಸಿ, ಅದರ ಸನ್ನದು ರದ್ದಿಯ ಕಾಗದವಾಗಿಬಿಡಬಹುದಾಗಿತ್ತು. ಹಾಗಾಗಲಿಲ್ಲ. ಸನ್ನದಿನಿಂದ ಬಂದ ಹಕ್ಕುಗಳೆಲ್ಲ ಇಂಗ್ಲಿಷರ ಆಳ್ವಿಕೆಯಲ್ಲಿಯೂ ಊರ್ಜಿತವಾಗಿರತಕ್ಕದ್ದೆಂಬ ಒಂದು ಕಲಮು ಆ ಒಪ್ಪಂದದಲ್ಲಿ ಸೇರಿತು. ದೊರೆಗಳು ದೇಶಗಳನ್ನು ಮಾರಿಕೊಳ್ಳುವ ಪತ್ರಗಳಲ್ಲಿ ಒಂದು ವಿದ್ಯಾಶಾಲೆಯ ಹಿತವನ್ನು ನೆನೆದಿರುವ ಉದಾಹರಣೆ ಹೆಚ್ಚಿಲ್ಲ. ಅದೇ ವರ್ಷ, ಆಗ ಪ್ರಿನ್ಸಿಪಾಲನಾಗಿದ್ದ ಮ್ಯಾಕ್ ಮೃತನಾದ. ಜೋಷುವಾ ಮಾರ್ಷ್‌ಮನ್ನನ ಮಗ ಜಾನ್ ಕ್ಲಾರ್ಕ್ ಮಾರ್ಷ್‌ಮನ್ ತಂದೆಯ ಕಾಲೇಜನ್ನು ತನ್ನ ಕೈಯಿಂದ ಖರ್ಚುಮಾಡಿ ನಡೆಸಿ, ಕೊನೆಗೆ ಐವತ್ತರ ದಶಕದಲ್ಲಿ ಅದನ್ನು ಬ್ಯಾಪ್ಟಿಸ್ಟ್ ಸೊಸೈಟಿಗೆ ಒಪ್ಪಿಸಿ ಸ್ವದೇಶಕ್ಕೆ ಹೊರಟುಹೋದ.

ಅನಂತರದ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. ತಾನೇ ಪದವಿ ಕೊಡಲು ಅಧಿಕಾರವಿದ್ದ ಕಾಲೇಜು 1857ರಲ್ಲಿ ಹುಟ್ಟಿದ ಕಲ್ಕತ್ತ ವಿಶ್ವವಿದ್ಯಾಲಯದ ಅಂಗಸಂಸ್ಥೆಯಾಗಿ ಅದರ ಪರೀಕ್ಷೆಗಳಿಗೆ ಹುಡುಗರನ್ನು ಕಳುಹಿಸತೊಡಗಿತು. 1883ರಲ್ಲಿ ಸೊಸೈಟಿ ಕಲಾಶಾಸ್ತ್ರದ ಪಾಠಗಳನ್ನೇ ನಿಲ್ಲಿಸಿಬಿಟ್ಟಿತು. ಮಿಷನ್ನಿನ ಕೆಲಸಗಾರರನ್ನು ತರಬೇತುಗೊಳಿಸುವ ಒಂದು ಪಾಠಶಾಲೆ ಮಾತ್ರ ಆ ಮಹಾಸ್ತಂಭಗಳ ಹಿಂದೆ ಉಳಿಯಿತು.

ಅದನ್ನು ಮತ್ತೆ ಎಬ್ಬಿಸಿದವನು 1906ರಲ್ಲಿ ಪ್ರಿನ್ಸಿಪಾಲನಾದ ಜಾರ್ಜ್ ಹೌಯೆಲ್ಸ್. ಪೆಟ್ಟಿಗೆಯ ತಳದಲ್ಲಿದ್ದ ಸನ್ನದನ್ನು ಹೊರತೆಗೆದು, ಅದಕ್ಕಿನ್ನೂ ಜೀವವಿದೆಯೆಂದು ಮೊದಲು ತನ್ನ ಸೊಸೈಟಿಗೂ ಅನಂತರ ಸರ್ಕಾರಕ್ಕೂ ಮನದಟ್ಟುಮಾಡಿದ್ದು ಅವನ ಹಿರಿಮೆ. ಸ್ಥಾಪಕರ ಪಂಥನಿಷ್ಠೆಯನ್ನು ದಾಟಿ, ಎಲ್ಲ ಪ್ರಾಟೆಸ್ಟಂಟ್ ಸಭೆಗಳಿಗೂ ಸೇರಿದ ದೈವಶಾಸ್ತ್ರದ ವಿದ್ಯಾಪೀಠವಾಗಿ ಕಾಲೇಜನ್ನು 1910ರಲ್ಲಿ ಅವನು ಪುನಃ ರೂಪಿಸಿದ; ಕಲಾಶಾಸ್ತ್ರದ ತರಗತಿಗಳನ್ನು ಮುಂದಿನ ವರ್ಷವೇ ಮತ್ತೆ ಆರಂಭಿಸಿದ. 1915ರಲ್ಲಿ ಆ ಸನ್ನದಿನ ಬಲದಿಂದ ಮೊಟ್ಟಮೊದಲನೆಯ ಬಿ.ಡಿ. ಪದವಿಗಳು ಪ್ರದಾನವಾದವು. ಪಡೆದವರು ಮೂವರು. ಶತಮಾನೋತ್ಸವದ ವರ್ಷವಾದ 1918ರಲ್ಲಿ ಬಂಗಾಳದ ಶಾಸನಸಭೆ ಶ್ರೀರಾಮಪುರ ಕಾಲೇಜಿನ ಕಾಯಿದೆಯನ್ನು ಅಂಗೀಕರಿಸಿ, ಡೆನ್ಮಾರ್ಕಿನ ದೊರೆಯ ಮಾತಿಗೆ ಈ ದೇಶದ ಕಾನೂನಿನ ಆಧಾರವನ್ನು ಒದಗಿಸಿತು. ಇತರ ದೈವಶಾಸ್ತ್ರ ಕಾಲೇಜುಗಳನ್ನು ಸೇರಿಸಿಕೊಂಡು ಅವುಗಳ ಪದವಿಗಳನ್ನು ನಿರ್ವಹಿಸುವ ಸೆನೆಟ್ ಏರ್ಪಟ್ಟಿತು. ಉತ್ಸವಕ್ಕೆ ತಕ್ಕ ಉಡುಗೊರೆಯೆಂದರೆ ಇದು.

ಸ್ಥಾಪಕರ ಕನಸು ನನಸಾಯಿತೇ ಎಂದರೆ, ಅವರು ಕಂಡ ಕನಸು ಅದಾಗಿರಲಿಲ್ಲ. ದೇಶಭಾಷೆಯಲ್ಲಿ ವಿಜ್ಞಾನವನ್ನು ಕಲಿಸುವ ವಿದ್ಯಾಪೀಠವಾಗಬೇಕೆಂದು ಅವರು ಕಟ್ಟಿದ್ದು, ಮುಖ್ಯವಾಗಿ ಇಂಗ್ಲಿಷಿನಲ್ಲಿ ದೈವಶಾಸ್ತ್ರದ ಪದವಿಗಳನ್ನು ಕೊಡುವ ಕೇಂದ್ರವಾಗಿ ಖ್ಯಾತಿ ಪಡೆಯಿತು. ಅಮೆರಿಕದ ದಾನಿಗಳ ಷರತ್ತೇ ಕೇರಿಯ ಕೋಪಕ್ಕಿಂತ ದೀರ್ಘಾಯುವಾಯಿತೆನ್ನಬೇಕು. ಕಲೆ, ವಿಜ್ಞಾನಗಳ ತರಗತಿಗಳಿಗೆ ಸುತ್ತಣ ಬಂಗಾಳಿ ಹುಡುಗಹುಡುಗಿಯರು ಇಂದಿಗೂ ಬರುತ್ತಾರೆ. ಅವರ ಪದವಿಪತ್ರ ಕಲ್ಕತ್ತ ವಿಶ್ವವಿದ್ಯಾಲಯದ್ದು. ಸನ್ನದಿನ ಅಧಿಕಾರ ನಮ್ಮ ನಾಡಿನವರೆಗೂ ಹಬ್ಬಿದೆ: ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜೂ ಬಾಸೆಲ್ ಮಿಷನ್ನಿನ ಪರಂಪರೆಯಲ್ಲಿ ಬೆಳೆದ ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜೂ ಶ್ರೀರಾಮಪುರದ ಸೆನೆಟ್ಟಿನೊಡನೆ ಸಂಯೋಜಿತವಾದವು. ಮಂಗಳೂರಿನ ಬಲ್ಮಠದ ಗುಡ್ಡದ ಮೇಲೆ ಓದಿದ ಕನ್ನಡಿಗನೊಬ್ಬ ಪಡೆಯುವ ಪದವಿಗೆ ಮೂಲಾಧಾರ, ಆರನೆಯ ಫ್ರೆಡರಿಕ್ ದೊರೆ 1827ರಲ್ಲಿ ಹಾಕಿದ ರುಜು.